ಕಾಲೇಜು ಸೇರಿ 180 ದಿನವಾದಾಗ ಒಮ್ಮೆ ಕೇಳಿ: ಕುಲಪತಿಗಳಿಗೊಂದು ಬಹಿರಂಗ ಪತ್ರ

ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಮತ್ತು ಉನ್ನತ ಶಿಕ್ಷಣ ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಕಾಮರ್ಸ್ ಹೇಳಿಕೊಡುತ್ತೇನೆ. ಪ್ಲೇಸ್‌ಮೆಂಟ್ ಸೆಲ್ಲೂ ನನ್ನ ತಲೆಗೇ ಕಟ್ಟಿದ್ದಾರೆ. ಸೆಲ್ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಸ್ಟಾಫ್ ರೂಮಿನ ಒಂದು ಬೀರು, ಅದರ ಬೀಗದ ಕೈ, ಒಂದು ರಿಜಿಸ್ಟರ್, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲಿಗೆ ಬೇಕಾಗುವ ಒಂದಷ್ಟು ಫೋಟೊ. ಇಷ್ಟೇ.

ಕಳೆದ ವರ್ಷ ಜಿಲ್ಲಾ ಕೇಂದ್ರದಲ್ಲಿ ಉದ್ಯೋಗ ಮೇಳ ಇತ್ತು. ಕೊನೆಯ ವರ್ಷದ ಮಕ್ಕಳು ನಲವತ್ತಕ್ಕಿಂತ ಜಾಸ್ತಿ ಜನ ಹೆಸರು ಕೊಟ್ಟಿದ್ದರು. ಬೆಳಗ್ಗೆ ಏಳಕ್ಕೆ ಬಸ್ ಸ್ಟ್ಯಾಂಡಿಗೆ ಬನ್ನಿ ಅಂದಿದ್ದೆ. ಏಳೂವರೆಗೆ ಎಣಿಸಿದರೆ ಹನ್ನೊಂದು ಜನ. ಹನ್ನೆರಡನೆಯವಳು ಸ್ವಲ್ಪ ದೂರದಲ್ಲಿ, ಹಾಲಿನ ಬೂತಿನ ಪಕ್ಕ ನಿಂತಿದ್ದಳು. ಇಸ್ತ್ರಿ ಮಾಡಿದ ಚೂಡಿದಾರ್. ಕೈಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಫೈಲು, ಅದರೊಳಗೆ ರೆಸ್ಯೂಮ್ ಜೆರಾಕ್ಸ್. ಎಷ್ಟು ಪ್ರತಿ ಬೇಕಾಗುತ್ತೆ ಅಂತ ಹಿಂದಿನ ದಿನ ನನ್ನನ್ನೇ ಕೇಳಿ ಐದು ಮಾಡಿಸಿದ್ದಳು. ಬಸ್ ಬಂತು. ಎಲ್ಲರೂ ಹತ್ತಿದರು. ಇವಳು ಬಾಗಿಲವರೆಗೆ ಬಂದು, "ಹೊಟ್ಟಿ ನೋಯಕತ್ತೈತ್ರಿ ಮೇಡಂ" ಅಂದು ತಿರುಗಿ ಹೋದಳು.

ಮೇಳದಲ್ಲಿ ಒಂದು ಕಂಪನಿ ಕಸ್ಟಮರ್ ಕೇರ್‌ಗೆ ಜನ ತೆಗೆದುಕೊಳ್ಳುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಕನ್ನಡ. ಮಧ್ಯಾಹ್ನದ ಹೊತ್ತಿಗೆ ಅಲ್ಲಿದ್ದ ಹುಡುಗ ನನ್ನ ಹತ್ತಿರ ಬಂದು, "ಮೇಡಂ, ನಿಮ್ಮ ಕಾಲೇಜಿಂದ ಕನ್ನಡ ಸ್ಪಷ್ಟವಾಗಿ ಮಾತಾಡೋರು ಇನ್ನೂ ಯಾರಾದರೂ ಬಂದಿದಾರಾ?" ಅಂತ ಕೇಳಿದ. ನನಗೆ ನೆನಪಾಗಿದ್ದು ಹಾಲಿನ ಬೂತಿನ ಪಕ್ಕ ನಿಂತಿದ್ದ ಹುಡುಗಿ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಿರೂಪಣೆ ಮಾಡಿದ್ದವಳು ಅವಳೇ.

ನಾಲ್ಕು ದಿನ ಬಿಟ್ಟು ಕರೆದು ಕೇಳಿದೆ. ಮೊದಲು ಹೊಟ್ಟೆನೋವಿನ ಕಥೆಯನ್ನೇ ಹೇಳಿದಳು. ಆಮೇಲೆ ನಿಜ ಬಂತು. "ಗ್ರೂಪಿನ್ಯಾಗ ಹಾಕಿದ್ರು ರಿ, ಇಂಗ್ಲಿಷ್‌ನ್ಯಾಗ ಗ್ರೂಪ್ ಡಿಸ್ಕಷನ್ ಇರ್ತೈತಿ ಅಂತ. ಮಂದಿ ಮುಂದ ಯಾಕ ಮರ್ಯಾದಿ ಕಳಕೊಳ್ಳೂದು ಅನ್ನಿಸ್ತು." ಮೇಳದಲ್ಲಿ ಅವತ್ತು ಗ್ರೂಪ್ ಡಿಸ್ಕಷನ್ ಇರಲೇ ಇಲ್ಲ.

ಈ ಪತ್ರ ಬರೆಯುತ್ತಿರುವುದು ಅದಕ್ಕೇ. ನಮ್ಮ ಮಕ್ಕಳ ಕೆಲಸದ ದಾರಿ ಮುಚ್ಚುವುದು ಇಂಟರ್‌ವ್ಯೂ ಕೋಣೆಯಲ್ಲಿ ಅಲ್ಲ. ಅದಕ್ಕೂ ಎಷ್ಟೋ ಮೊದಲು, ಯಾರಿಗೂ ಗೊತ್ತಾಗದ ಹಾಗೆ, ಅವರ ಮನಸ್ಸಿನಲ್ಲೇ ಮುಚ್ಚುತ್ತದೆ. ಯಾರೂ ಅವರನ್ನು ಫೇಲ್ ಮಾಡುವುದಿಲ್ಲ, ಅವರು ಅರ್ಜಿಯನ್ನೇ ಹಾಕುವುದಿಲ್ಲ. ಅರ್ಜಿ ಹಾಕದವರ ಲೆಕ್ಕ ನಿಮ್ಮ ಯಾವ ವರದಿಯಲ್ಲೂ ಬರುವುದಿಲ್ಲ.

ಆ ಹುಡುಗಿ ಹೇಳಿದ ಮಾತು ನನ್ನನ್ನು ಕೊರೆಯುತ್ತಲೇ ಇತ್ತು. ಹಾಗಾಗಿ ಎರಡನೇ ವರ್ಷದ ಒಂದು ತರಗತಿಯಲ್ಲಿ ಒಂದು ಕೆಲಸ ಮಾಡಿದೆ. ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟೆ. ಹೆಸರು ಬರೆಯಬೇಡಿ ಅಂದೆ. ಎಡಗಡೆ, ಆಗಬೇಕು ಅಂತ ಯಾವತ್ತಾದರೂ ಅನ್ನಿಸಿದ ಕೆಲಸಗಳನ್ನೆಲ್ಲ ಬರೆಯಿರಿ. ಅದರಲ್ಲಿ ಈಗ ಬಿಟ್ಟಿರುವುದನ್ನು ಗೀಟು ಹಾಕಿ ಹೊಡೆಯಿರಿ. ಬಲಗಡೆ, ಯಾಕೆ ಹೊಡೆದಿರಿ ಅಂತ ಒಂದೇ ಸಾಲು.

ಹಾಳೆ ತುಂಬ ಗೀಟುಗಳು. ಕೆಲವರು ಪೆನ್ನು ಒತ್ತಿ ಹೊಡೆದು ಹಾಳೆ ಹರಿದಿತ್ತು. ಒಬ್ಬರು ಎಡಗಡೆ ಏನೂ ಬರೆದಿರಲಿಲ್ಲ, ಬಲಗಡೆ ಮಾತ್ರ "ಅಪ್ಪ ಒಪ್ಪಲ್ಲ" ಅಂತ ಇತ್ತು. ಅದನ್ನು ತುಂಬಾ ಹೊತ್ತು ನೋಡುತ್ತಾ ಕೂತೆ. ಕೆಲಸದ ಹೆಸರೇ ಹುಟ್ಟುವ ಮೊದಲು ಅಡ್ಡಿ ಹುಟ್ಟಿಬಿಟ್ಟಿದೆ.

ಇದನ್ನು ಓದಿಕೊಂಡವರು ಬೇರೆ ದೇಶಗಳಲ್ಲಿ ಎಂದೋ ಗಮನಿಸಿದ್ದಾರೆ. 1981ರಲ್ಲಿ ಅಮೆರಿಕದ ನ್ಯಾನ್ಸಿ ಬೆಟ್ಜ್ ಮತ್ತು ಗೇಲ್ ಹ್ಯಾಕೆಟ್ ಕಾಲೇಜು ಹುಡುಗ ಹುಡುಗಿಯರನ್ನು, ಇಂತಿಂಥ ಕೆಲಸ ನಿಮ್ಮಿಂದ ಆಗುತ್ತಾ ಅಂತ ಕೇಳಿದರು. ಹುಡುಗರು 'ಗಂಡಸರ ಕೆಲಸ', 'ಹೆಂಗಸರ ಕೆಲಸ' ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಧೈರ್ಯ ತೋರಿಸಿದರು. ಹುಡುಗಿಯರು ಮಾತ್ರ 'ಗಂಡಸರ ಕೆಲಸ' ಬಂದ ಕೂಡಲೇ ನಮ್ಮಿಂದ ಆಗಲ್ಲ ಅಂದರು. ಪರೀಕ್ಷೆಯ ಅಂಕ ನೋಡಿದರೆ ಇಬ್ಬರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅದೇ ಹ್ಯಾಕೆಟ್, ರಾಬರ್ಟ್ ಲೆಂಟ್ ಮತ್ತು ಸ್ಟೀವನ್ ಬ್ರೌನ್ ಜೊತೆ 1994ರಲ್ಲಿ ಒಂದು ಸಿದ್ಧಾಂತ ಕಟ್ಟಿದರು. ಅದರ ತಿರುಳು ಸರಳ. ಒಂದು ಕೆಲಸ ಇಷ್ಟ ಆಗುವುದು ಬೇರೆ. ಅದನ್ನು ಗುರಿ ಮಾಡಿಕೊಳ್ಳುವುದು ಬೇರೆ. ಗುರಿಯ ಕಡೆ ಹೆಜ್ಜೆ ಇಡುವುದು ಇನ್ನೂ ಬೇರೆ. ಈ ಮೂರರ ನಡುವೆ ಅಡ್ಡಿಗಳು ಬಂದು ಕೂರುತ್ತವೆ. ಅಡ್ಡಿ ನಿಜವಾಗಿ ಇರಲೇಬೇಕು ಅಂತಿಲ್ಲ. ಇದೆ ಅಂತ ಬಲವಾಗಿ ಅನ್ನಿಸಿದರೂ ಸಾಕು, ಹೆಜ್ಜೆ ನಿಲ್ಲುತ್ತದೆ.

ಹಗ್ಗವನ್ನು ಹಾವು ಅಂದುಕೊಳ್ಳುವ ಮಾತು ನಮ್ಮಲ್ಲಿ ಹಳೆಯದು. ಆದರೆ ನನ್ನ ಬೀರುವಿನಲ್ಲಿರುವ ಹಾಳೆಗಳನ್ನು ಓದಿದರೆ ಬೇರೆ ಒಂದು ತೊಡಕು ಕಾಣುತ್ತದೆ. ಮಕ್ಕಳ ದಾರಿಯಲ್ಲಿ ಹಗ್ಗಗಳೂ ಇವೆ, ನಿಜವಾದ ಹಾವುಗಳೂ ಇವೆ. ಎರಡೂ ಒಂದೇ ಥರ ಕಾಣುತ್ತವೆ. ಯಾವುದು ಯಾವುದು ಅಂತ ಹೇಳುವವರು ಕಾಲೇಜಿನಲ್ಲಿ ಯಾರೂ ಇಲ್ಲ.

ಮೊದಲು ಹಗ್ಗಗಳ ಮಾತು.

"ಬ್ಯಾಂಕ್. ಹಿಂದಿ ಬರಲ್ಲ" ಅಂತ ತುಂಬಾ ಜನ ಬರೆದಿದ್ದರು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಅಂತ ಕೇಂದ್ರ ಹಣಕಾಸು ಸಚಿವರು ಹೇಳಿದ್ದು 2019ರಲ್ಲಿ. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಗಳಿಗೂ ಪ್ರಾದೇಶಿಕ ಭಾಷೆ ತರುವ ತೀರ್ಮಾನ ಆಗಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಎಷ್ಟು ಜನ ಹೋರಾಡಿದ್ದರು! ಅದು ಸಿಕ್ಕ ಮೇಲೆ ನನ್ನ ತರಗತಿಯ ಹುಡುಗ ಇನ್ನೂ ಹಿಂದಿಯ ಹೆಸರು ಹೇಳಿ ಬ್ಯಾಂಕನ್ನು ಹೊಡೆದುಹಾಕುತ್ತಿದ್ದಾನೆ. ಕ್ಲರ್ಕ್ ಪರೀಕ್ಷೆಯಲ್ಲಿ ಇಂಗ್ಲಿಷಿನದೇ ಒಂದು ವಿಭಾಗ ಇದೆ, ಅದನ್ನು ಮುಚ್ಚಿಟ್ಟು ಹೇಳಬಾರದು. ಅದಕ್ಕೆ ತಯಾರಿ ಬೇಕು. ಆದರೆ ಒಂದು ವಿಭಾಗಕ್ಕೆ ಹೆದರುವುದಕ್ಕೂ ಇಡೀ ಪರೀಕ್ಷೆಯೇ ನನಗಲ್ಲ ಅಂದುಕೊಳ್ಳುವುದಕ್ಕೂ ತುಂಬಾ ಅಂತರ ಇದೆ.

"ಸಿಎ. ಪಿಯುಸಿಯಿಂದಲೇ ಶುರು ಮಾಡಬೇಕಿತ್ತು." ಇದು ಬಿಕಾಂ ವಿದ್ಯಾರ್ಥಿಯ ಮಾತು. ಬಿಕಾಂನಲ್ಲಿ ಶೇ 55 ತೆಗೆದರೆ ಫೌಂಡೇಷನ್ ಪರೀಕ್ಷೆ ಇಲ್ಲದೆ ನೇರವಾಗಿ ಸಿಎ ಇಂಟರ್‌ಮೀಡಿಯೆಟ್‌ಗೆ ಹೆಸರು ನೋಂದಾಯಿಸಬಹುದು. ಬಿಎ, ಬಿಎಸ್‌ಸಿ ಮಕ್ಕಳಿಗೂ ಶೇ 60 ಇದ್ದರೆ ಈ ದಾರಿ ಇದೆ. ಸಿಎ ಕಷ್ಟ ಅಲ್ವಾ ಅಂದರೆ, ಹೌದು ಕಷ್ಟ. ಆದರೆ ಆ ಹಾಳೆ ಬರೆದವರು ಅದನ್ನು ಬಿಟ್ಟಿದ್ದು ಕಷ್ಟ ಅಂತ ಅಲ್ಲ, ಬಾಗಿಲು ಹಾಕಿದೆ ಅಂತ. ತೆರೆದೇ ಇತ್ತು.

"ಅಪ್ರೆಂಟಿಸ್. ಐಟಿಐನವರಿಗೆ ಮಾತ್ರ." 2014ರಲ್ಲಿ ಕಾಯ್ದೆ ತಿದ್ದಿದ ಮೇಲೆ ಬಿಎ, ಬಿಕಾಂ ಆದವರೂ ಅಪ್ರೆಂಟಿಸ್ ಆಗಬಹುದು. "ಕೇಂದ್ರ ಪಡೆಗಳ ಕಾನ್‌ಸ್ಟೆಬಲ್. ಪರೀಕ್ಷೆ ಹಿಂದಿಯಲ್ಲಿ." 2024ರಿಂದ ಆ ಪರೀಕ್ಷೆ ಕನ್ನಡದಲ್ಲೂ ನಡೆಯುತ್ತಿದೆ. "ಸರ್ಕಾರಿ ಕೆಲಸ. ನಮ್ಮಂಥ ಹಳ್ಳಿಯವರಿಗೆ ಸಿಗಲ್ಲ." ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371 ಜೆ ವಿಧಿ ಬಂದು ಹತ್ತು ವರ್ಷ ದಾಟಿದೆ. ಸ್ಥಳೀಯ ವೃಂದದ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80 ಇಲ್ಲಿಯವರಿಗೇ.

ಇಲ್ಲೊಂದು ಮಾತು ಹೇಳಲೇಬೇಕು. ಮೀಸಲು ಇದೆ ಅಂತ ಗೊತ್ತಿದ್ದವರೂ ಕೊನೆಗೆ ಸಿಕ್ಕಿಬೀಳುವುದು ಸರ್ಟಿಫಿಕೇಟ್‌ನಲ್ಲಿ. ಗ್ರಾಮೀಣ ಪ್ರಮಾಣಪತ್ರಕ್ಕೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರ ಮೇಲು ಸಹಿ ಬೇಕು. ಕಲ್ಯಾಣ ಕರ್ನಾಟಕದ ಅರ್ಹತಾ ಪತ್ರಕ್ಕೆ ಉಪವಿಭಾಗಾಧಿಕಾರಿಗಳ (ಎಸಿ) ಕಚೇರಿಗೆ ಹೋಗಬೇಕು. ಒಂದು ಸಲ ಹೋದರೆ ಸಾಹೇಬರು ಮೀಟಿಂಗ್‌ನಲ್ಲಿ. ಇನ್ನೊಂದು ಸಲ ಸರ್ವರ್ ಡೌನ್. ದಿನಗೂಲಿಗೆ ಹೋಗುವ ಮನೆಯ ಹುಡುಗನಿಗೆ ಒಂದು ಸಲ ಹೋಗಿಬರುವುದು ಅಂದರೆ ಒಂದು ದಿನದ ಕೂಲಿ ಹೋದ ಹಾಗೆ. ಅರ್ಜಿಗೆ ಮೂರು ದಿನ ಉಳಿದಾಗ ಓಡಾಡಿ, ಆಗದೆ, "ಈ ಸಲ ಬ್ಯಾಡ ಬಿಡು" ಅಂತ ಕೈಬಿಟ್ಟವರನ್ನು ನಾನು ಎಣಿಸಿ ಬಿಟ್ಟಿದ್ದೇನೆ. ಆ "ಬ್ಯಾಡ ಬಿಡು" ಎರಡು ಸಲ ಆದರೆ ಮೂರನೇ ಸಲಕ್ಕೆ "ಅದು ನಮ್ಮಂಥವರಿಗಲ್ಲ" ಆಗುತ್ತದೆ. ಕಚೇರಿಯ ಅಡ್ಡಿ ಮನಸ್ಸಿನ ಅಡ್ಡಿಯಾಗುವುದು ಹೀಗೆ.

ಈಗ ಹಾವುಗಳು. ಇಲ್ಲಿ ನೀವು ನನ್ನ ಮೇಲೆ ಸ್ವಲ್ಪ ಸಿಟ್ಟಾಗಬಹುದು.

"ಕೆಪಿಎಸ್‌ಸಿ. ಕನ್ನಡದಲ್ಲಿ ಬರೆದರೆ ಪ್ರಶ್ನೆಯೇ ಅರ್ಥ ಆಗಲ್ಲ" ಅಂತ ಒಬ್ಬ ಬರೆದಿದ್ದ. ಇದು ಹಗ್ಗ ಅಂತ ಅವನಿಗೆ ಯಾವ ಬಾಯಲ್ಲಿ ಹೇಳಲಿ? 2024ರ ಆಗಸ್ಟ್ 27ರಂದು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ ನಡೆಯಿತು. ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಮುಖ್ಯಮಂತ್ರಿಗಳೇ ಮರುಪರೀಕ್ಷೆಗೆ ಹೇಳಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅದೇ ಗೋಳು. ಕನ್ನಡ ಓದಿದವನು ಕನ್ನಡದ ಪ್ರಶ್ನೆ ಅರ್ಥ ಮಾಡಿಕೊಳ್ಳಲು ಪಕ್ಕದ ಇಂಗ್ಲಿಷ್ ನೋಡಬೇಕು. ಇಂಗ್ಲಿಷ್ ಬರದವನು ಏನು ಮಾಡಬೇಕು? ಆ ಹುಡುಗನಿಗೆ ನಾನು ಸಕಾರಾತ್ಮಕವಾಗಿ ಯೋಚನೆ ಮಾಡಪ್ಪ ಅಂದರೆ ಅವನಿಗೆ ಮೋಸ ಮಾಡಿದ ಹಾಗೆ.

"ಪಿಎಸ್‌ಐ. ದುಡ್ಡು ಕೊಟ್ಟವರಿಗೆ." 545 ಹುದ್ದೆಗಳ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್ 3ರಂದು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿ 23ರಂದು. ಎರಡು ವರ್ಷ ಮೂರು ತಿಂಗಳ ಮೇಲಾಯಿತು. ಅಷ್ಟು ದಿನ ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಒಂದೇ ಕೋಣೆಯಲ್ಲಿ ಮೂರು ಮೂರು ಜನ ಸೇರಿ, ಮನೆಯಿಂದ ಬರುವ ದುಡ್ಡು ನೋಡಿ ಊಟ ಮಾಡುತ್ತಾ, ವಯಸ್ಸು ಎಣಿಸುತ್ತಾ ಕೂತವರನ್ನು ನಮ್ಮ ಊರಿನ ತಮ್ಮಂದಿರು ನೋಡಿದ್ದಾರೆ. ಪ್ರಾಮಾಣಿಕವಾಗಿ ಓದಿ ಪಾಸಾಗಿದ್ದವರೂ ರದ್ದಾದ ಆ ಆಯ್ಕೆ ಪಟ್ಟಿಯಲ್ಲಿದ್ದರು. ಅಣ್ಣನ ಕಥೆ ನೋಡಿದ ತಮ್ಮ ಹಾಳೆಯ ಮೇಲೆ ಗೀಟು ಹೊಡೆದರೆ ಅದು ಅವನ ಆತ್ಮವಿಶ್ವಾಸದ ಕೊರತೆಯಾ?

ಆಮೇಲೆ 2024ರ ಅಕ್ಟೋಬರ್‌ನಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ವರದಿ ಬರುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ಸಂಪುಟ ತೀರ್ಮಾನಿಸಿತು. ಒಳಮೀಸಲಾತಿ ನ್ಯಾಯದ ಬೇಡಿಕೆ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಾಯುವ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಈ ಮಕ್ಕಳಿಗೆ ಯಾರೂ ಹೇಳಲಿಲ್ಲ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. 2025ರ ಫೆಬ್ರುವರಿಯಲ್ಲಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಲು ಸಂಪುಟ ಉಪಸಮಿತಿ ಶಿಫಾರಸು ಮಾಡಿದೆ ಅಂತ ಸುದ್ದಿ ಬಂದ ದಿನ, ಒಬ್ಬ ಹುಡುಗ ಕ್ಲಾಸಿನಲ್ಲಿ ಎದ್ದು ನಿಂತು, "ಹಂಗಾದ್ರ ಆ ಯೂನಿವರ್ಸಿಟಿ ಮಾರ್ಕ್ಸ್ ಕಾರ್ಡಿಗೆ ಬೆಲೆ ಇರ್ತೈತೇನ್ರಿ?" ಅಂತ ಕೇಳಿದ. ಇರುತ್ತೆ ಕೂತ್ಕೋ ಅಂದೆ. ಅವನ ಮುಖ ನೋಡಿದರೆ ನಂಬಿದ ಹಾಗೆ ಕಾಣಲಿಲ್ಲ. ಕುಲಪತಿಗಳೇ, ಅವತ್ತು ನಿಮ್ಮಲ್ಲಿ ಒಬ್ಬರಾದರೂ ಆ ಮಕ್ಕಳಿಗೆ ನೇರವಾಗಿ ಎರಡು ಸಾಲು ಬರೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಜಾತಿಯ ಮಾತು ಹಾಳೆಗಳಲ್ಲಿ ಕಡಿಮೆ ಬಂತು. ಹೆಸರಿಲ್ಲದ ಹಾಳೆಯಲ್ಲೂ ಅದನ್ನು ಬರೆಯಲು ಹೆದರುತ್ತಾರೆ ಅಂತ ನನ್ನ ಊಹೆ. ಒಬ್ಬರು ಮಾತ್ರ ಬರೆದಿದ್ದರು: "ಪ್ರೈವೇಟ್ ಕಂಪನಿ. ಹೆಸರು ನೋಡಿ ಬಿಡ್ತಾರಂತೆ." ನನ್ನ ಸಹೋದ್ಯೋಗಿಯೊಬ್ಬರು ಇದನ್ನು ನೋಡಿ, "ಈ ಕಾಲದಲ್ಲಿ ಎಲ್ಲಿದೆ ಮೇಡಂ, ಸುಮ್ನೆ ಕೀಳರಿಮೆ" ಅಂದರು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಅವರಿಗೆ ಗೊತ್ತಿರಲಿಲ್ಲ. ಒಂದೇ ಮಟ್ಟದ ಓದು, ಬೇರೆ ಬೇರೆ ಹೆಸರು ಹಾಕಿ ಖಾಸಗಿ ಕಂಪನಿಗಳ ಜಾಹೀರಾತಿಗೆ ಸಾವಿರಾರು ಅರ್ಜಿ ಕಳಿಸಿ ನೋಡಿದರು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಮೂರನೇ ಎರಡರಷ್ಟು. ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಈ ಥೋರಟ್ ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮದೇ ರಾಜ್ಯ ಶಿಕ್ಷಣ ನೀತಿ ಆಯೋಗದ ಅಧ್ಯಕ್ಷರಾಗಿದ್ದವರು. ಹಾಗಿರುವಾಗ ಈ ವಿಷಯ ನಮ್ಮ ಪ್ಲೇಸ್‌ಮೆಂಟ್ ತರಬೇತಿಯಲ್ಲಿ ಒಂದು ಸಾಲಾಗಿಯೂ ಬರುವುದಿಲ್ಲ ಅನ್ನುವುದೇ ಸೋಜಿಗ.

ಹೆಣ್ಣುಮಕ್ಕಳ ಹಾಳೆಗಳು ಬೇರೆಯದೇ ಲೋಕ. ಅಲ್ಲಿ ಕೆಲಸಕ್ಕಿಂತ ಊರಿನ ಹೆಸರು ಜಾಸ್ತಿ. "ಬೆಂಗಳೂರು. ಕಳಿಸಲ್ಲ." "ಹುಬ್ಬಳ್ಳಿ. ಪಿಜಿ ಬೇಡ ಅಂತಾರೆ." "ಬಳ್ಳಾರಿ. ಸಂಜೆ ಬಸ್ ಇಲ್ಲ." 2023ರ ಜೂನ್ 11ರಿಂದ ಬಸ್ಸು ಪುಕ್ಕಟೆ ಆಗಿದೆ, ಅದರಿಂದ ಎಷ್ಟೋ ಹುಡುಗಿಯರು ಕಾಲೇಜಿಗೆ ಬರುವಂತಾಗಿದೆ, ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಟಿಕೆಟ್ ಪುಕ್ಕಟೆ ಆದ ಮಾತ್ರಕ್ಕೆ ನಮ್ಮ ಹಳ್ಳಿಗಳಿಗೆ ಕೊನೇ ಬಸ್ಸು ರಾತ್ರಿ ಎಂಟಕ್ಕೆ ಬರುವುದಿಲ್ಲ. ಒಬ್ಬಳು ಬರೆದಿದ್ದಳು: "ಯಾವ ಕೆಲಸ ಅಂತ ಮದುವೆ ಆದಮೇಲೆ ಅವರು ಹೇಳ್ತಾರೆ." ಅವರು ಅಂದರೆ ಯಾರು ಅಂತ ಅವಳಿಗೂ ಗೊತ್ತಿಲ್ಲ. ಇನ್ನೂ ಹುಡುಕಿಲ್ಲ. ಇಪ್ಪತ್ತು ವರ್ಷದ ಹುಡುಗಿ ಕಾಣದ ಮನುಷ್ಯನಿಗಾಗಿ ಈಗಲೇ ಜಾಗ ಬಿಟ್ಟುಕೊಟ್ಟು ಕೂತಿದ್ದಾಳೆ.

ಇಲ್ಲಿ ನನ್ನ ತಪ್ಪೂ ಒಂದಿದೆ, ಹೇಳಿಬಿಡುತ್ತೇನೆ. ಆರೇಳು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿನಿ, ಲೆಕ್ಕದಲ್ಲಿ ಬಹಳ ಚುರುಕು, ಬಂದು ಮುಂದೇನು ಮಾಡಲಿ ಅಂತ ಕೇಳಿದಳು. "ಬಿಎಡ್ ಮಾಡಮ್ಮ, ಹೆಣ್ಮಕ್ಕಳಿಗೆ ಅದೇ ಒಳ್ಳೇದು" ಅಂದೆ. ಒಂದು ನಿಮಿಷವೂ ಯೋಚಿಸಲಿಲ್ಲ. ಒಳ್ಳೆಯದನ್ನೇ ಹೇಳಿದೆ ಅಂದುಕೊಂಡು ಟೀ ಕುಡಿಯಲು ಹೋದೆ. ಅವಳ ಹಾಳೆಯಲ್ಲಿ ಎಷ್ಟು ಗೀಟು ನನ್ನ ಕೈಯಿಂದ ಬಿದ್ದವೋ. ಅಡ್ಡಿ ಅಂದರೆ ಯಾವಾಗಲೂ ಕೆಟ್ಟವರು ಇಡುವುದಲ್ಲ. ಪ್ರೀತಿಯಿಂದ, ಕಾಳಜಿಯಿಂದ, ಬಿಡುವಿಲ್ಲದ ಆತುರದಿಂದ ಇಡುವುದೇ ಜಾಸ್ತಿ. ಅಪ್ಪ ಅಮ್ಮ, ಸೋದರಮಾವ, ನಮ್ಮಂಥ ಮೇಷ್ಟ್ರುಗಳು.

ಇಷ್ಟೆಲ್ಲ ಇರುವಾಗ ನಾವು ಮಾಡುತ್ತಿರುವುದೇನು? ಕೊನೇ ಸೆಮಿಸ್ಟರ್‌ನಲ್ಲಿ ಒಂದು ದಿನ ವ್ಯಕ್ತಿತ್ವ ವಿಕಸನ ಕಾರ್ಯಾಗಾರ. ಹೊರಗಿನಿಂದ ಒಬ್ಬರು ಬರುತ್ತಾರೆ. ಕಾಲರ್ ಮೈಕ್ ಹಾಕಿಕೊಂಡು, "ನಿಮ್ಮಿಂದ ಆಗುತ್ತೆ! ಜೋರಾಗಿ ಹೇಳಿ, ಆಗುತ್ತೆ!" ಅನ್ನುತ್ತಾರೆ. ಮಕ್ಕಳು ಕೂಗುತ್ತಾರೆ. ಶಾಲು, ಹಾರ, ಫಲತಾಂಬೂಲ, ಗ್ರೂಪ್ ಫೋಟೊ. ಹಾಲಿನ ಬೂತಿನ ಪಕ್ಕ ನಿಂತ ಆ ಹುಡುಗಿಯೂ ಕೂಗಿದ್ದಳು, ನನಗೆ ನೆನಪಿದೆ. ಅವಳಿಗೆ ಬೇಕಿದ್ದದ್ದು ಗ್ರೂಪ್ ಡಿಸ್ಕಷನ್ ಇಲ್ಲ ಅನ್ನುವ ಒಂದು ಸಾಲಿನ ಮಾಹಿತಿ. ಜೊತೆಗೆ, ಇದ್ದರೂ ಪಕ್ಕದಲ್ಲಿ ನಾನಿರ್ತೀನಿ ಅನ್ನುವ ಒಬ್ಬರು.

ನಾನು ಓದಿಕೊಂಡಷ್ಟರಲ್ಲಿ ಮನಸ್ಸಿಗೆ ನಾಟಿದ ಮಾತೂ ಇದೇ. ಅಡ್ಡಿಗಳು ಕಾಣುವುದೇ ಕೆಟ್ಟದ್ದಲ್ಲ. ಅಡ್ಡಿ ಕಂಡಾಗ ದಾಟುವ ದಾರಿ ಗೊತ್ತಿಲ್ಲದಿರುವುದು, ಜೊತೆಗೆ ಯಾರೂ ಇಲ್ಲದಿರುವುದು ಕೆಟ್ಟದ್ದು. ಜೊತೆಗೆ ಜನ ಇದ್ದರೆ ಅದೇ ಅಡ್ಡಿ ಅರ್ಧ ಆಗುತ್ತದೆ.

ಈಗ ನಾನು ಕೇಳಬೇಕಾಗಿರುವುದನ್ನು ಕೇಳುತ್ತೇನೆ. ಯುವನಿಧಿ ಯೋಜನೆಯಲ್ಲಿ ಪದವಿ ಮುಗಿಸಿ 180 ದಿನ ಆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತಾರೆ, ಎರಡು ವರ್ಷದವರೆಗೆ. ಬೇಡ ಅನ್ನುತ್ತಿಲ್ಲ. ಆ ದುಡ್ಡಿನಲ್ಲಿ ಅರ್ಜಿ ಶುಲ್ಕ ಕಟ್ಟಿದವರು ನನ್ನ ಮಕ್ಕಳಲ್ಲೇ ಇದ್ದಾರೆ. ಆದರೆ ಕಾಲೇಜು ಬಿಟ್ಟು 180 ದಿನ ಆದಮೇಲೆ ನೆನಪಾಗುವ ಈ ಮಕ್ಕಳನ್ನು, ಕಾಲೇಜು ಸೇರಿ 180 ದಿನ ಆದಾಗ ಒಮ್ಮೆ ಕೂರಿಸಿ ಕೇಳಿ. ಏನನ್ನು ಹೊಡೆದುಹಾಕಿದೆ? ಯಾಕೆ? ಒಂದು ಹಾಳೆ, ಒಂದು ಗಂಟೆ. ಹೆಸರು ಬೇಡ, ಆಧಾರ್ ಬೇಡ, ಒಟಿಪಿ ಬೇಡ. ದಯವಿಟ್ಟು ಇದಕ್ಕೊಂದು ಪೋರ್ಟಲ್ ಮಾತ್ರ ಮಾಡಬೇಡಿ.

ಆ ಹಾಳೆಗಳನ್ನು ಕಾಲೇಜಿನಲ್ಲೇ ಓದಿ ಬೇರೆ ಬೇರೆ ಮಾಡಿದರೆ ಅರ್ಧ ಕೆಲಸ ಆದ ಹಾಗೆ. ಗೊತ್ತಿಲ್ಲದೆ ಹೊಡೆದದ್ದಕ್ಕೆ ಉತ್ತರ ನೀವು ಕೊಡಬಹುದು. ಯಾವ ಪರೀಕ್ಷೆ ಯಾವ ಭಾಷೆಯಲ್ಲಿ, ಯಾವ ಅಂಕಕ್ಕೆ ಯಾವ ಬಾಗಿಲು, ಯಾವ ಪ್ರಮಾಣಪತ್ರ ಎಲ್ಲಿ. ಪ್ರತಿ ವಿಶ್ವವಿದ್ಯಾಲಯವೂ ಸೆಮಿಸ್ಟರ್‌ಗೊಮ್ಮೆ ತಿದ್ದಿ ಹಂಚುವ, ಗೋಡೆಗೆ ಅಂಟಿಸಬಹುದಾದ ಎರಡು ಪುಟ. ಒಳ್ಳೆಯ ಕನ್ನಡದಲ್ಲಿ. ಅನುವಾದದ ಯಂತ್ರಕ್ಕೆ ಹಾಕಿ ತೆಗೆದದ್ದು ಬೇಡ, ಅದರ ರುಚಿ ನಮ್ಮ ಮಕ್ಕಳು ಪರೀಕ್ಷೆಯಲ್ಲೇ ನೋಡಿದ್ದಾರೆ.

ಸರ್ಟಿಫಿಕೇಟ್‌ಗಳ ವಿಷಯ ಇನ್ನೂ ಸುಲಭ. ವರ್ಷಕ್ಕೆ ಒಂದು ದಿನ ಬಿಇಒ ಕಚೇರಿಯವರು, ಎಸಿ ಕಚೇರಿಯವರು ಕಾಲೇಜಿಗೇ ಬಂದು ಕೂತರೆ ಎರಡನೇ ವರ್ಷದಲ್ಲೇ ಎಲ್ಲರ ಫೈಲೂ ತಯಾರಾಗುತ್ತದೆ. ಚುನಾವಣೆಗೆ ಹೆಸರು ಸೇರಿಸಲು ಕಾಲೇಜಿಗೆ ಬರುತ್ತಾರೆ ಅಲ್ವಾ? ಇದಕ್ಕೂ ಬರಬಹುದು.

ಭಾಷಣಕ್ಕೆ ದೊಡ್ಡವರನ್ನು ಕರೆಯುವುದು ಬಿಡಿ. ಎರಡು ವರ್ಷದ ಹಿಂದೆ ಇದೇ ಬೆಂಚಿನ ಮೇಲೆ ಕೂತಿದ್ದವರನ್ನು ಕರೆಯಿರಿ. ನಮ್ಮ ಕಾಲೇಜಿನ ಹಳೇ ವಿದ್ಯಾರ್ಥಿನಿ ಒಬ್ಬಳು ಕಾರಟಗಿಯ ರೈಸ್ ಮಿಲ್ಲೊಂದರಲ್ಲಿ ಲೆಕ್ಕ ನೋಡುತ್ತಾಳೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್ ಎಲ್ಲ ಅವಳದ್ದೇ. ಅವಳನ್ನು ಒಂದು ಶನಿವಾರ ಕರೆಸಿದೆ. ವೇದಿಕೆ ಹತ್ತಲು ಒಪ್ಪಲಿಲ್ಲ, ಬೆಂಚಿನ ತುದಿಯಲ್ಲಿ ಕೂತೇ ಮಾತಾಡಿದಳು. ಮೊದಲ ತಿಂಗಳು ಏನೂ ಬರುತ್ತಿರಲಿಲ್ಲ, ಬಾತ್‌ರೂಮಿಗೆ ಹೋಗಿ ಅತ್ತೆ, ಆಮೇಲೆ ಯೂಟ್ಯೂಬ್ ನೋಡಿ ಕಲಿತೆ, ಮನೆಯಲ್ಲಿ ಒಪ್ಪಿಸಲು ಮಿಲ್ಲಿನ ಮಾಲೀಕರ ಹೆಂಡತಿಯನ್ನೇ ಅಪ್ಪನ ಹತ್ತಿರ ಮಾತಾಡಿಸಿದೆ ಅಂದಳು. ಅವತ್ತು ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಆದರೆ ಮುಗಿದ ಮೇಲೆ ಏಳೆಂಟು ಹುಡುಗಿಯರು ಅವಳನ್ನು ಮುತ್ತಿಕೊಂಡು, ಸಂಬಳ ಎಷ್ಟು, ಊಟಕ್ಕೆ ಏನು ಮಾಡ್ತೀ, ಬಸ್ ಎಷ್ಟೊತ್ತಿಗೆ, ಬರೀ ಗಂಡಸರೇ ಇರ್ತಾರಾ ಅಂತ ಕೇಳುತ್ತಾ ಮುಕ್ಕಾಲು ಗಂಟೆ ನಿಂತಿದ್ದರು. ಗಂಗಾವತಿ, ಕಾರಟಗಿ, ಸಿಂಧನೂರು, ಈ ಕಾಲುವೆ ಸೀಮೆಯಲ್ಲಿ ಎಷ್ಟು ಮಿಲ್ಲುಗಳಿವೆ, ಗೊಬ್ಬರ, ಬೀಜದ ಎಷ್ಟು ಡೀಲರ್‌ಗಳಿದ್ದಾರೆ, ಎಷ್ಟು ಸಹಕಾರ ಸಂಘಗಳಿವೆ. ಇಂಟರ್ನ್‌ಶಿಪ್ ಅಂದರೆ ಬೆಂಗಳೂರಿಗೆ ಹೋಗಬೇಕು ಅಂತ ಯಾರು ಹೇಳಿದ್ದು? ಸಂಜೆ ಬಸ್ಸಿನ ಅಡ್ಡಿ ಇರುವ ಹುಡುಗಿಗೆ ಹತ್ತು ಕಿಲೋಮೀಟರ್ ದೂರದಲ್ಲಿ ಮೊದಲ ಮೆಟ್ಟಿಲು ಸಿಕ್ಕರೆ, ಎರಡನೆಯದನ್ನು ಅವಳೇ ಹುಡುಕಿಕೊಳ್ಳುತ್ತಾಳೆ. ವಿಶ್ವವಿದ್ಯಾಲಯ ಅಂಥ ಕಡೆಗಳ ಇಂಟರ್ನ್‌ಶಿಪ್‌ಗೂ ಅಂಕ ಕೊಡುವ ಹಾಗೆ ಮಾಡಿದರೆ ಸಾಕು.

ಉಳಿದದ್ದು ಹಾವುಗಳು. ಕೆಟ್ಟ ಅನುವಾದ, ಸೋರುವ ಪ್ರಶ್ನೆಪತ್ರಿಕೆ, ನಿಂತುಹೋದ ನೇಮಕಾತಿ, ಹೆಸರು ನೋಡಿ ಬದಿಗಿಡುವ ಕಂಪನಿ. ಇವುಗಳನ್ನು ನೀವೊಬ್ಬರೇ ಓಡಿಸಲಾರಿರಿ, ಗೊತ್ತು. ಆದರೆ ಮಕ್ಕಳ ಹಾಳೆಗಳಲ್ಲಿ ಇದು ಎಷ್ಟು ಸಲ ಬಂದಿದೆ ಅಂತ ಲೆಕ್ಕ ಹಾಕಿ ಸರ್ಕಾರಕ್ಕೆ ಪ್ರತಿ ವರ್ಷ ಬರೆಯಬಹುದು. ಆ ಪತ್ರವನ್ನು ಬಹಿರಂಗವಾಗಿಯೇ ಇಡಬಹುದು. ಕನ್ನಡ ಪ್ರಶ್ನೆಪತ್ರಿಕೆ ಓದಿ ತಿದ್ದಲು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ವಿಭಾಗಗಳಿವೆ, ಅರ್ಥಶಾಸ್ತ್ರ, ಇತಿಹಾಸ, ವಿಜ್ಞಾನವನ್ನು ಕನ್ನಡದಲ್ಲಿ ಪಾಠ ಮಾಡಿ ತಲೆ ಹಣ್ಣಾದವರಿದ್ದಾರೆ. ನಾವು ಮಾಡಿಕೊಡುತ್ತೇವೆ ಅಂತ ಕುಲಪತಿಗಳೇ ಮುಂದೆ ಬಂದರೆ ಬೇಡ ಅನ್ನುವುದು ಸರ್ಕಾರಕ್ಕೆ ಕಷ್ಟ ಆದೀತು.

ಹಾಲಿನ ಬೂತಿನ ಪಕ್ಕ ನಿಂತಿದ್ದ ಆ ಹುಡುಗಿ ಕಳೆದ ತಿಂಗಳು ಟಿಸಿ ತೆಗೆದುಕೊಂಡು ಹೋಗಲು ಬಂದಿದ್ದಳು. ಕಚೇರಿ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದವಳು ನನ್ನನ್ನು ನೋಡಿ ಈಚೆ ಬಂದಳು. ಏನು ಮಾಡ್ತಿದ್ದೀಯಮ್ಮ ಅಂದೆ. "ಮನ್ಯಾಗ ಅದೀನ್ರಿ." ಸ್ವಲ್ಪ ಹೊತ್ತು ಬಿಟ್ಟು, "ಆ ಕನ್ನಡದ ಕಂಪನಿ ಈ ವರ್ಷಾನೂ ಬರ್ತೈತೇನ್ರಿ ಮೇಡಂ?" ಅಂತ ಕೇಳಿದಳು. ಬಂದರೆ ಫೋನ್ ಮಾಡ್ತೀನಿ, ನಂಬರ್ ಕೊಡು ಅಂದೆ. ನನ್ನ ರಿಜಿಸ್ಟರ್‌ನ ಹಿಂದಿನ ಪುಟದಲ್ಲಿ ಬರೆದು, ಪಕ್ಕದಲ್ಲಿ ಸಣ್ಣದಾಗಿ "ಅಪ್ಪ" ಅಂತ ಹಾಕಿದಳು. "ಸಂಜೀ ಏಳರ ಮ್ಯಾಲೆ ಮಾಡ್ರಿ. ಅಪ್ಪ ಎತ್ತಿದ್ರ, ಟಿಸಿ ಬಗ್ಗೆ ಅಂತ ಹೇಳ್ರಿ."

ಇಂತಿ,
ಬೀರುವಿನ ಬೀಗದ ಕೈ ಇಟ್ಟುಕೊಂಡಿರುವ ಒಬ್ಬ ಕಾಮರ್ಸ್ ಉಪನ್ಯಾಸಕಿ